ಬಸ್ಯಾನಿಗೊಂದು ಪತ್ರ: ನೀರಿನ ಬ್ರೇಕಿನ ಬಗ್ಗೆ

ಲೇ ಬಸ್ಯಾ,

ಫೋನ್ ಮಾಡಿದರೆ ಎತ್ತುವುದಿಲ್ಲ. ಮೆಸೇಜ್ ಹಾಕಿದರೆ ಒಂದು ಹೆಬ್ಬೆಟ್ಟು ತೋರಿಸಿ ಸುಮ್ಮನಾಗುತ್ತೀಯ. ಅದಕ್ಕೇ ಎಲ್ಲರೂ ನೋಡುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ. ನಾಲ್ಕು ಜನರ ಮುಂದೆ ಬೈದರೆ ಮಾತ್ರ ನಿನಗೆ ಕಿವಿ ಕೇಳಿಸುತ್ತದೆ, ಅದು ಹೈಸ್ಕೂಲಿನಿಂದ ಗೊತ್ತಿರುವ ವಿಷಯ. ಓದುತ್ತಿರುವ ಉಳಿದವರಿಗೆ ಒಂದು ಮಾತು: ಬಸ್ಯಾ ನನ್ನ ದೋಸ್ತ, ಫುಟ್ಬಾಲಿನಲ್ಲಿ ಬ್ರೆಜಿಲ್ ಅಭಿಮಾನಿ, ಆದ್ದರಿಂದ ಅವನ ಮೇಲೆ ಸ್ವಲ್ಪ ಕರುಣೆ ಇರಲಿ.

ರಾಯಚೂರಿನ ಬಿಸಿಲು ಹೇಗಿದೆ ಅಂತ ನಿನಗೆ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ಕೂತು 34 ಡಿಗ್ರಿಗೆ ‘ಅಬ್ಬಾ ಸೆಕೆ’ ಅಂತ ಸ್ಟೇಟಸ್ ಹಾಕುವವನಿಗೆ ಹೇಳಿ ಪ್ರಯೋಜನವೂ ಇಲ್ಲ. ಇಲ್ಲಿ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಚಹಾಪುಡಿ ಹಾಕುವುದೊಂದೇ ಬಾಕಿ.

ವಿಷಯಕ್ಕೆ ಬರುತ್ತೇನೆ. ಜೂನ್ 11ಕ್ಕೆ ಫುಟ್ಬಾಲ್ ವಿಶ್ವಕಪ್ ಶುರು. ಅಮೆರಿಕ, ಕೆನಡಾ, ಮೆಕ್ಸಿಕೊ ಮೂರೂ ಸೇರಿ ನಡೆಸುತ್ತಿವೆ. 48 ತಂಡ, 104 ಪಂದ್ಯ. ನಮಗೆ ಹೆಚ್ಚಿನವು ಮಧ್ಯರಾತ್ರಿಯಿಂದ ಬೆಳಗಿನವರೆಗೆ. ನಿನ್ನ ಬ್ರೆಜಿಲ್ ಗುಂಪಿನಲ್ಲಿ ಮೊರಾಕೊ ಬಂದು ಕೂತಿದೆ, ನನ್ನ ಅರ್ಜೆಂಟೀನಾಕ್ಕೆ ಅಲ್ಜೀರಿಯಾ, ಆಸ್ಟ್ರಿಯಾ, ಜೋರ್ಡಾನ್. ಯಾರ ಹಣೆಬರಹ ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ, ನಿನಗೇ ಗೊತ್ತಾಗುತ್ತದೆ. ಈ ಸಲ ಹೊಸ ನಿಯಮ ಒಂದು ಬಂದಿದೆ, ಓದಿದೆಯಾ? ಪ್ರತಿ ಪಂದ್ಯದಲ್ಲೂ, ಮೊದಲರ್ಧದಲ್ಲೊಮ್ಮೆ, ಎರಡನೇ ಅರ್ಧದಲ್ಲೊಮ್ಮೆ ಆಟ ನಿಲ್ಲಿಸಿ ಮೂರು ಮೂರು ನಿಮಿಷ ನೀರಿನ ಬ್ರೇಕ್. ಬಿಸಿಲು ಇರಲಿ ಬಿಡಲಿ, ಛಾವಣಿ ಮುಚ್ಚಿ ಎಸಿ ಹಾಕಿರಲಿ, ರೆಫರಿ ಸೀಟಿ ಊದಬೇಕು, ಆಟಗಾರರು ನೀರು ಕುಡಿಯಬೇಕು. ಹೋದ ವರ್ಷ ಅಮೆರಿಕದಲ್ಲಿ ಕ್ಲಬ್‌ಗಳ ವಿಶ್ವಕಪ್ ನಡೆಯಿತಲ್ಲ, ಆಗ ಸಿನ್ಸಿನಾಟಿಯಲ್ಲಿ ಜರ್ಮನಿಯ ಡಾರ್ಟ್‌ಮಂಡ್ ತಂಡದ ಬದಲಿ ಆಟಗಾರರು ಮೊದಲರ್ಧ ಪೂರ್ತಿ ಡ್ರೆಸ್ಸಿಂಗ್ ರೂಮಿನಲ್ಲೇ ಕೂತು ಟಿವಿಯಲ್ಲಿ ತಮ್ಮದೇ ಪಂದ್ಯ ನೋಡಿದ್ದರು. ಬೆಂಚಿನ ಮೇಲೆ ಸುಮ್ನೆ ಕೂರುವುದಕ್ಕೂ ಆಗದಷ್ಟು ಬಿಸಿಲಂತೆ.

ಜಾಹೀರಾತು ತೋರಿಸೋಕೆ ದಾರಿ ಮಾಡಿಕೊಂಡರು ಅಂತ ಬೈಯುವವರೂ ಇದ್ದಾರೆ. ಇರಲಿ. ನನಗೆ ಖುಷಿಯಾಯಿತು. ಓಡುವ ಮನುಷ್ಯನಿಗೆ ನೀರು ಕೊಡುವುದರಲ್ಲಿ ತಪ್ಪೇನಿದೆ ಅಂತ ಇಬ್ಬರ ಜೊತೆ ಜಗಳವನ್ನೂ ಆಡಿದೆ.

ಆಮೇಲೆ ಜಾತ್ರೆಗೆ ಹೋದೆ.

ಮಾನ್ವಿ ಕಡೆ ಒಂದು ಊರು, ಹೆಸರು ಬೇಡ. ಸೋದರಮಾವನ ಮಗ ಬೈಕಿನಲ್ಲಿ ಕೂರಿಸಿಕೊಂಡು ಹೋದ. ಕಲ್ಲು ಎಳೆಯುವ ಸ್ಪರ್ಧೆ ಇತ್ತು. ನೀನೂ ನಾನೂ ಚಿಕ್ಕವರಿದ್ದಾಗ ಕಾರಹುಣ್ಣಿಮೆಗೆ ಗಂಜ್ ಮಾರುಕಟ್ಟೆಯಲ್ಲಿ ಜನರ ಕಾಲ ಸಂದಿಯಲ್ಲಿ ನುಸುಳಿ ನೋಡುತ್ತಿದ್ದೆವಲ್ಲ, ಅದೇ ಆಟ. ಒಂದೂವರೆ ಟನ್, ಎರಡು ಟನ್, ಎರಡೂವರೆ ಟನ್ನಿನ ಕಲ್ಲುಬಂಡೆ. ಅದಕ್ಕೆ ಸರಪಳಿ, ಸರಪಳಿಗೆ ನೊಗ, ನೊಗಕ್ಕೆ ಜೋಡೆತ್ತು. ಕೊಟ್ಟ ಸಮಯದಲ್ಲಿ ಎಷ್ಟು ಅಡಿ ಎಳೆದವು ಅಂತ ಟೇಪು ಹಿಡಿದು ಅಳೆಯುತ್ತಾರೆ. ಆಂಧ್ರ, ತೆಲಂಗಾಣದಿಂದಲೂ ಲಾರಿಯಲ್ಲಿ ಎತ್ತು ತಂದಿದ್ದರು. ಮೈಕಿನವನು ಅರ್ಧ ತೆಲುಗು, ಅರ್ಧ ಕನ್ನಡ, ಉಳಿದದ್ದು ಬರೀ ಕಿರುಚಾಟ.

ಎತ್ತುಗಳನ್ನು ನೀನು ನೋಡಬೇಕಿತ್ತು. ಬಿಳಿ ಮೈ, ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ, ಭುಜ ನೋಡಿದರೆ ನಮ್ಮ ಜಿಮ್ಮಿನ ಹುಡುಗರು ತಲೆ ತಗ್ಗಿಸಬೇಕು. ಇವು ಹೊಲದ ಮಣ್ಣು ಮುಟ್ಟಿದ ಎತ್ತುಗಳಲ್ಲ. ಹೊಲ ಈಗ ಟ್ರ್ಯಾಕ್ಟರಿನದು. ಇವನ್ನು ಸ್ಪರ್ಧೆಗೆ ಅಂತಲೇ ಸಾಕುತ್ತಾರೆ. ಹುರುಳಿ, ಹತ್ತಿಕಾಳು ಹಿಂಡಿ, ಮೊಟ್ಟೆ, ಗೊಟ್ಟದಲ್ಲಿ ಎಣ್ಣೆ. ನಮ್ಮ ಹಾಸ್ಟೆಲ್ ಊಟ ನೆನಪಾಗಿ ಹೊಟ್ಟೆ ಉರಿಯಿತು.

ಮಧ್ಯಾಹ್ನ ಹನ್ನೆರಡೂವರೆ ಇರಬೇಕು. ಫೋನಿನಲ್ಲಿ 41 ತೋರಿಸುತ್ತಿತ್ತು. ಒಂದು ಜೋಡಿ ಇಳಿಯಿತು. ಮೂಗುದಾರದ ಹಗ್ಗ ಹಿಡಿದು ಒಬ್ಬ ಮುಂದೆ ಓಡುತ್ತಾನೆ, ಬಾರುಕೋಲು ಹಿಡಿದು ಇಬ್ಬರು ಪಕ್ಕಕ್ಕೆ, ಇನ್ನೊಬ್ಬ ಬಾಲದ ಹತ್ತಿರ. ಬಾಲದ ಹತ್ತಿರ ಇರುವವನ ಕೆಲಸ ಏನು ಅಂತ ನಿನಗೆ ಗೊತ್ತು. ಮೊದಲೆರಡು ಸುತ್ತು ಸರಾಗವಾಗಿ ಹೋಯಿತು. ಆಮೇಲೆ ಎಡಗಡೆ ಎತ್ತು ನಿಂತುಬಿಟ್ಟಿತು. ಬಾಯಿ ತೆರೆದು ಉಸಿರು ಬಿಡುತ್ತಿತ್ತು, ನಾಲಿಗೆ ಹೊರಗೆ, ಜೊಲ್ಲು ಮಣ್ಣಿನ ತನಕ ಇಳಿದಿತ್ತು. ದನ ಬಾಯಿ ತೆರೆದು ಏದುಸಿರು ಬಿಡುತ್ತಿದೆ ಅಂದರೆ ಅದರ ಮೈ ಕಾದು ಮಿತಿ ದಾಟಿದೆ ಅಂತ ಅರ್ಥ. ದನ ಕಾದ ಹುಡುಗರಿಗೂ ಗೊತ್ತಿರುವ ಮಾತು ಇದು. ಬಾರುಕೋಲು ಬಿತ್ತು. ಇನ್ನೊಂದು ಬಿತ್ತು. ಎತ್ತು ಮುಂಗಾಲು ಮಡಚಿ ಮಂಡಿ ಊರಿತು. ಜನ ಹೋ ಅಂತ ಎದ್ದರು.

ನಾನೂ ಎದ್ದೆ. ಎದ್ದು ಕೂಗಿದೆ ಬಸ್ಯಾ. ‘ಎಬ್ಬಿಸ್ಲೇ, ಎಬ್ಬಿಸು ಅದನ್ನ!’ ಅಂತ. ಕೈಯಲ್ಲಿ ಫೋನ್ ಹಿಡಿದು ವಿಡಿಯೋ ಮಾಡುತ್ತಲೇ ಕೂಗಿದೆ. ಎತ್ತು ಎದ್ದಿತು, ಕಲ್ಲು ಅಲುಗಿತು, ಹಲಗೆಯವನು ಹುಚ್ಚೆದ್ದು ಬಾರಿಸಿದ, ನನಗೆ ಮೈ ಜುಂ ಅಂದಿತು.

ರಾತ್ರಿ ಟೆರೇಸಿನ ಮೇಲೆ ಮಲಗಿಕೊಂಡು ಆ ವಿಡಿಯೋ ಹಾಕಿ ನೋಡಿದೆ. ಎತ್ತಿಗಿಂತ ಜೋರಾಗಿ ನನ್ನ ದನಿಯೇ ಕೇಳಿಸುತ್ತಿತ್ತು. 2022ರ ಫೈನಲ್ ರಾತ್ರಿ ನಿನಗೆ ಕಳಿಸಿದ ವಾಯ್ಸ್ ಮೆಸೇಜ್ ಇನ್ನೂ ಇಟ್ಟುಕೊಂಡಿದ್ದೀಯಲ್ಲ, ನನ್ನ ಮದುವೆಯಲ್ಲಿ ಮೈಕಿನಲ್ಲಿ ಹಾಕುತ್ತೇನೆ ಅಂತ ಹೆದರಿಸಿದ್ದೆಯಲ್ಲ, ಎರಡು ಗೋಲು ಮುಂದಿದ್ದ ಅರ್ಜೆಂಟೀನಾದ ಮೇಲೆ ಫ್ರಾನ್ಸಿನ ಎಂಬಾಪೆ ಎರಡು ನಿಮಿಷವೂ ಆಗದಷ್ಟರಲ್ಲಿ ಎರಡು ಗೋಲು ಹೊಡೆದಾಗ ಕಳಿಸಿದ್ದು? ಅದೇ ದನಿ. ಒಂದು ಕೂದಲೆಳೆಯೂ ವ್ಯತ್ಯಾಸ ಇಲ್ಲ.

ಇದು ತಲೆಯಲ್ಲಿ ಕೂತುಬಿಟ್ಟಿದೆ ಮಾರಾಯ, ಏನು ಮಾಡಿದರೂ ಏಳುತ್ತಿಲ್ಲ.

ನೀನು ಏನು ಹೇಳುತ್ತೀಯ ಅಂತ ಗೊತ್ತು. ಆಟಗಾರನೂ ಎತ್ತೂ ಒಂದೇನಾ ಅಂತ. ಅಲ್ಲ, ಒಪ್ಪಿದೆ. ಆಟಗಾರ ಬಯಸಿ ಇಳಿದಿರುತ್ತಾನೆ, ದುಡ್ಡು ಬರುತ್ತದೆ, ಕಾಲು ಹಿಡಿದುಕೊಂಡರೆ ಡಾಕ್ಟರ್ ಓಡಿ ಬರುತ್ತಾನೆ. 2024ರ ಯುರೋದಲ್ಲಿ, ಅಂದರೆ ಯುರೋಪಿನ ದೇಶಗಳ ಕಪ್ಪಿನಲ್ಲಿ, ಆಸ್ಟ್ರಿಯಾ ವಿರುದ್ಧ ಎಂಬಾಪೆ ಮೂಗು ಮುರಿದುಕೊಂಡ, ಮುಂದಿನ ಪಂದ್ಯಕ್ಕೆ ಅವನನ್ನು ಬೆಂಚಿನ ಮೇಲೆ ಕೂರಿಸಿದರು, ಆಮೇಲೆ ಮುಖಕ್ಕೆ ಮಾಸ್ಕ್ ಮಾಡಿಸಿ ಇಳಿಸಿದರು. ಆ ಬೆಂಚಿನ ಮೇಲೆ ಕೂತ ಪಂದ್ಯ ಇತ್ತಲ್ಲ, ನೆದರ್ಲೆಂಡ್ಸ್ ಜೊತೆ, ಸೊನ್ನೆ-ಸೊನ್ನೆ, ಅದು ನಮ್ಮ ಕಾರಹುಣ್ಣಿಮೆಯ ರಾತ್ರಿಯೇ ನಡೆದದ್ದು. ಹಗಲು ಎತ್ತಿನ ಕೊಂಬಿಗೆ ಬಣ್ಣ, ರಾತ್ರಿ ಎಂಬಾಪೆಯ ಮೂಗಿನ ಚಿಂತೆ. ಎತ್ತಿಗೆ ಬದಲಿ ಎತ್ತು ಬೆಂಚಿನ ಮೇಲೆ ಕೂತಿರುವುದಿಲ್ಲ. ಕೈ ಎತ್ತಿ ‘ಸಾಕು’ ಅನ್ನುವುದಕ್ಕೆ ಅದಕ್ಕೆ ಕೈಯೂ ಇಲ್ಲ. ಮಂಡಿ ಊರಿದ್ದೇ ಅದರ ‘ಸಾಕು’. ಆ ಮಾತನ್ನು ನಾವು ಸಾವಿರ ಜನ ನಿಂತು ಕೇಳಿದೆವು, ಕೇಳಿ ಶಿಳ್ಳೆ ಹೊಡೆದೆವು.

ವ್ಯತ್ಯಾಸ ಇರುವುದು ಕಣದಲ್ಲಿ. ನೋಡುವವನಲ್ಲಿ ಇಲ್ಲ. ನನಗೆ ಇಷ್ಟವಾದದ್ದು ಎರಡೂ ಕಡೆ ಒಂದೇ. ಗೆಲ್ಲುವುದಲ್ಲ, ಗೆಲ್ಲುವ ಮೊದಲು ಒಂದು ಜೀವ ಇನ್ನೇನು ಕುಸಿಯುತ್ತದೆ ಅನ್ನುವ ಗಳಿಗೆ. ಹೆಚ್ಚುವರಿ ಸಮಯದಲ್ಲಿ ಆಟಗಾರರು ಸ್ನಾಯು ಹಿಡಿದು ಹುಲ್ಲಿನ ಮೇಲೆ ಬೀಳುತ್ತಾರಲ್ಲ, ನಾನು ಆಗ ಚಹಾ ಮಾಡಲು ಏಳುವುದಿಲ್ಲ. ಪೆನಾಲ್ಟಿ ತಪ್ಪಿಸಿದವನ ಮುಖವನ್ನು ಕ್ಯಾಮೆರಾ ಹತ್ತಿರದಿಂದ ತೋರಿಸುವಾಗ ಕಣ್ಣು ತೆಗೆಯುವುದಿಲ್ಲ. ಇದನ್ನು ಇಷ್ಟು ದಿನ ನಾನು ಫುಟ್ಬಾಲ್ ಪ್ರೀತಿ ಅಂತ ಕರೆದುಕೊಂಡಿದ್ದೆ.

ಸ್ಪರ್ಧೆ ಮುಗಿದ ಮೇಲೆ ಆ ಎತ್ತಿನ ಯಜಮಾನನ ಹತ್ತಿರ ಹೋದೆ. ನೆರಳಿನಲ್ಲಿ ನಿಲ್ಲಿಸಿ, ಎತ್ತಿನ ಮೈಗೆ ನೀರು ಸುರಿಯುತ್ತಿದ್ದ, ಮುಂಗಾಲು ಒತ್ತುತ್ತಿದ್ದ. ಒತ್ತುತ್ತಾ ಅದರ ಜೊತೆ ಮಾತಾಡುತ್ತಿದ್ದ. ಆ ಪ್ರೀತಿ ನಾಟಕ ಅಲ್ಲ, ಅದನ್ನೂ ಬರೆಯದಿದ್ದರೆ ಸುಳ್ಳಾಗುತ್ತದೆ. ನಾನು ಶಹರದ ಶಾಣ್ಯಾ ಹೋಗಿ ‘ಬಿಸಿಲು ಜಾಸ್ತಿ ಆಯ್ತಲ್ಲ ಯಜಮಾನ್ರೇ ಎತ್ತಿಗೆ’ ಅಂದೆ.

ಆತ ತಲೆ ಎತ್ತಲಿಲ್ಲ. ‘ಐತವಾರ ಏನ್ ತಿಂತೀ ತಮ್ಮಾ?’ ಅಂದ.

‘ಚಿಕನ್.’

‘ಆ ಕೋಳಿಗೆ ಬಿಸಿಲು ಹೆಂಗೈತಿ ಅಂತ ಯಾವತ್ತರ ಕೇಳೀಯೇನು?’

ನಾನು ಸುಮ್ಮನಾದೆ. ಫಾರಂ ಕೋಳಿ ಹುಟ್ಟಿ ಆರು ವಾರಕ್ಕೆಲ್ಲ ತಕ್ಕಡಿಗೆ ಬರುತ್ತದೆ. ಸಿಂಧನೂರು ರೋಡಿನಲ್ಲಿ ಕೋಳಿ ಗಾಡಿ ಹಿಂದೆ ಬೈಕ್ ಓಡಿಸುವಾಗ ನಾನು ಮೂಗು ಮುಚ್ಚಿಕೊಂಡು ಓವರ್‌ಟೇಕ್ ಮಾಡುತ್ತೇನೆ, ಅಷ್ಟೇ ನಮ್ಮ ಸಂಬಂಧ. ‘ಈ ಎತ್ತು ನಾಳೆ ನನ್ನ ಕೊಟಗ್ಯಾಗ ಇರ್ತೈತಿ. ನಿನ್ನ ಕೋಳಿ?’ ಅಂದ ಆತ. ಅಲ್ಲಿಂದ ನೇರ ಹೋಗಿ ವಗ್ಗಾಣಿ ಮಿರ್ಚಿ ತಿಂದೆ. ಅವತ್ತಿನ ಮಟ್ಟಿಗೆ ನನ್ನ ತಟ್ಟೆಯಲ್ಲಿ ಯಾರ ಪ್ರಾಣವೂ ಇರಲಿಲ್ಲ, ಮೆಣಸಿನಕಾಯಿಯದು ಬಿಟ್ಟು.

ಆದರೆ ಆತನ ಮಾತಿನಿಂದ ಎತ್ತಿನ ಲೆಕ್ಕ ಚುಕ್ತಾ ಆಗುವುದಿಲ್ಲ. ಕೋಳಿಗೆ ಅನ್ಯಾಯವಾಗುತ್ತಿದೆ ಅಂದರೆ ಎತ್ತಿಗೆ ಆಗುತ್ತಿಲ್ಲ ಅಂತಲ್ಲ. ಎರಡೂ ಕಡೆ ಬಾಕಿ ಬಿತ್ತು ಅಷ್ಟೇ. ಇದು ಮನೆಗೆ ಬಂದ ಮೇಲೆ ಹೊಳೆಯಿತು. ನನಗೆ ಉತ್ತರ ಹೊಳೆಯುವುದು ಯಾವಾಗಲೂ ಮನೆಗೆ ಬಂದ ಮೇಲೆಯೇ, ನಿನಗೆ ಗೊತ್ತಲ್ಲ.

ನಾನು ದೂರದ್ದಕ್ಕೆ ಕೋಪ ಮಾಡಿಕೊಳ್ಳುವುದರಲ್ಲಿ ಭಾರಿ ಹುಷಾರು ಬಸ್ಯಾ. ಕರ್ಟ್ ಝೂಮಾ ನೆನಪಿದೆಯಾ? ಫ್ರಾನ್ಸಿಗೆ ಆಡಿದವನು, ಆಗ ಇಂಗ್ಲೆಂಡಿನ ವೆಸ್ಟ್ ಹ್ಯಾಮ್ ಕ್ಲಬ್ಬಿನಲ್ಲಿದ್ದ. 2022ರ ಫೆಬ್ರುವರಿಯಲ್ಲಿ ಅವನು ತನ್ನ ಮನೆಯ ಬೆಕ್ಕಿಗೆ ಒದೆಯುವ ವಿಡಿಯೋ ಹೊರಗೆ ಬಂತು. ವಿಡಿಯೋ ಬಂದ ಮಾರನೇ ದಿನವೇ ತಂಡ ಅವನನ್ನು ಆಡಿಸಿತು. ಕೈಗೆ ಚೆಂಡು ಸಿಕ್ಕಾಗಲೆಲ್ಲ ಅನ್ನಬೇಕೋ ಕಾಲಿಗೆ ಅನ್ನಬೇಕೋ, ಅವನು ಮುಟ್ಟಿದಾಗಲೆಲ್ಲ ಮೈದಾನ ಪೂರ್ತಿ ಉಗಿಯಿತು. ಕ್ಲಬ್ಬಿನವರು ಎರಡೂವರೆ ಲಕ್ಷ ಪೌಂಡ್ ದಂಡ ಹಾಕಿದರು. ಕೋರ್ಟು 180 ಗಂಟೆ ಸಮಾಜ ಸೇವೆ ಮಾಡು, ಐದು ವರ್ಷ ಬೆಕ್ಕು ಸಾಕಬೇಡ ಅಂದಿತು. ನಾನು ಅವನ ಮೇಲೆ ಎಷ್ಟು ಉದ್ದ ಬರೆದಿದ್ದೆ ಅಂದರೆ ನೀನು ‘ಲೇ, ಬೆಕ್ಕು ನಿಂದೇನು?’ ಅಂತ ಕೇಳಿದ್ದೆ.

ಅದೇ ವರ್ಷ ಡಿಸೆಂಬರಿನಲ್ಲಿ ಕತಾರಿನ ವಿಶ್ವಕಪ್ಪಿನಲ್ಲಿ ನಿಮ್ಮ ಬ್ರೆಜಿಲಿನವರ ಪತ್ರಿಕಾಗೋಷ್ಠಿ. ವಿನಿಸಿಯಸ್ ಮಾತಾಡುತ್ತಿದ್ದಾಗ ಬೀದಿ ಬೆಕ್ಕೊಂದು ಮೇಜು ಹತ್ತಿ ಕೂತಿತು, ತಂಡದ ಅಧಿಕಾರಿ ಅದನ್ನು ಬೆನ್ನಿನ ಚರ್ಮ ಹಿಡಿದೆತ್ತಿ ಕೆಳಗೆ ಹಾಕಿಬಿಟ್ಟ. ಎರಡೇ ದಿನಕ್ಕೆ ಕ್ರೊವೇಷಿಯಾ ಕೈಯಲ್ಲಿ ಪೆನಾಲ್ಟಿಯಲ್ಲಿ ಸೋತಿರಿ. ಬೆಕ್ಕಿನ ಶಾಪ ಅಂತ ನಾನು ಒಂದು ವಾರ ನಿನಗೆ ಬರೀ ಮಿಯಾಂವ್ ಅಂತ ಕಳಿಸಿದ್ದೆ. ಆ ಕಡೆ ಇಂಗ್ಲೆಂಡಿನ ವಾಕರ್ ಮತ್ತು ಸ್ಟೋನ್ಸ್ ತಮ್ಮ ಹೋಟೆಲ್ ಅಂಗಳಕ್ಕೆ ಬರುತ್ತಿದ್ದ ಬೀದಿ ಬೆಕ್ಕಿಗೆ ಡೇವ್ ಅಂತ ಹೆಸರಿಟ್ಟು, ಕಪ್ ಸಿಗದಿದ್ದರೂ ಬೆಕ್ಕನ್ನು ಇಂಗ್ಲೆಂಡಿಗೆ ಕಳಿಸುವ ವ್ಯವಸ್ಥೆ ಮಾಡಿದರು. ಅದಕ್ಕೆ ನಾನು ಕಣ್ಣೀರಿನ ಇಮೋಜಿ ಹಾಕಿದ್ದೆ.

ಈಗಲೂ ಹಾಗೇ. 2030ರ ವಿಶ್ವಕಪ್ ಮೊರಾಕೊ, ಸ್ಪೇನ್, ಪೋರ್ಚುಗಲ್ ಸೇರಿ ನಡೆಸುತ್ತವೆ. ಅದಕ್ಕಾಗಿ ಮೊರಾಕೊದಲ್ಲಿ ಬೀದಿನಾಯಿಗಳನ್ನು ಕೊಲ್ಲುತ್ತಿದ್ದಾರೆ ಅಂತ ಪ್ರಾಣಿಪರ ಸಂಘಟನೆಗಳು ಆರೋಪ ಮಾಡಿವೆ, ಅಲ್ಲಿನ ಸರ್ಕಾರ ಇಲ್ಲ ಅನ್ನುತ್ತಿದೆ, ಚಿಂಪಾಂಜಿಗಳ ಅಧ್ಯಯನಕ್ಕೆ ಹೆಸರಾದ ಜೇನ್ ಗುಡಾಲ್ ಬದುಕಿದ್ದಾಗ ವಿಶ್ವಕಪ್ ನಡೆಸುವ ಫೀಫಾಕ್ಕೆ ಪತ್ರವನ್ನೂ ಬರೆದಿದ್ದರು. 2012ರ ಯುರೋ ಮೊದಲು ಉಕ್ರೇನಿನಲ್ಲೂ ಇದೇ ಗಲಾಟೆ ಆಗಿತ್ತು. ಮನೆಗೆ ನೆಂಟರು ಬರುತ್ತಾರೆ ಅಂದಾಗ ಮೊದಲು ಹೊರಗೆ ಹೋಗುವುದು ನಾಯಿಯೇ. ನಾನು ಆ ಮೊರಾಕೊ ಮನವಿಯನ್ನು ಎಲ್ಲ ಗ್ರೂಪಿಗೂ ಫಾರ್ವರ್ಡ್ ಮಾಡಿದೆ. ಅದೇ ರಾತ್ರಿ ನಮ್ಮ ಓಣಿಯ ನಾಯಿ ಪಂದ್ಯದ ನಡುವೆ ಬೊಗಳಿತು ಅಂತ ಚಪ್ಪಲಿ ಬೀಸಿದೆ. ನಾಯಿಗೆ ತಾಗಲಿಲ್ಲ, ಚಪ್ಪಲಿ ಚರಂಡಿಗೆ ಹೋಯಿತು. ನಮ್ಮ ದೇಶದಲ್ಲೂ ಹೋದ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಒಳಗೆ ಹಾಕಿ ಅಂತ ಹೇಳಿ, ಹನ್ನೊಂದೇ ದಿನಕ್ಕೆ ಅದನ್ನು ಬದಲಿಸಿ, ಹುಚ್ಚು ಹಿಡಿದವು, ಮೈಮೇಲೆ ಬೀಳುವವು ಬಿಟ್ಟು ಉಳಿದವಕ್ಕೆ ಆಪರೇಷನ್, ಲಸಿಕೆ ಮಾಡಿಸಿ ಹಿಡಿದ ಜಾಗದಲ್ಲೇ ಬಿಡಿ ಅಂದಿತು. ನಾನು ಎರಡೂ ಆದೇಶಕ್ಕೆ ಲೈಕ್ ಒತ್ತಿದ್ದೇನೆ. ಬೇಕಾದರೆ ಹೋಗಿ ನೋಡು.

ಸರಿ, ಝೂಮಾ ಇಲ್ಲಿ ಬೆಕ್ಕಿಗೆ ಒದ್ದಿದ್ದರೆ ಏನಾಗುತ್ತಿತ್ತು ಅಂತ ಹುಡುಕಿದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರದ್ದು. ಹೊಡೆಯುವುದು, ಒದೆಯುವುದು, ಮಿತಿಮೀರಿ ಓಡಿಸುವುದು, ಮಿತಿಮೀರಿ ಹೊರೆ ಹೇರುವುದು ಎಲ್ಲ ಅದರ 11ನೇ ಸೆಕ್ಷನ್ನಿನಲ್ಲಿ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ದಂಡ ಹತ್ತರಿಂದ ಐವತ್ತು ರೂಪಾಯಿ. ಓದಿದ್ದು ಸರಿ ಇದೆ, ಐವತ್ತು ರೂಪಾಯಿ. ಜಾತ್ರೆಯಲ್ಲಿ ಬೈಕ್ ಪಾರ್ಕಿಂಗಿಗೆ ಇಪ್ಪತ್ತು ತಗೊಂಡರು. ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ನಮ್ಮ ರಾಜ್ಯ 2017ರಲ್ಲಿ ತಿದ್ದುಪಡಿ ತಂದು ದಾರಿ ಮಾಡಿಕೊಟ್ಟಿತು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಐದು ಜಡ್ಜುಗಳು ಅದನ್ನು ಎತ್ತಿ ಹಿಡಿದರು. ಅದರ ಬಗ್ಗೆ ಜಗಳ ಆಡಲು ನನಗೆ ಮನಸ್ಸಿಲ್ಲ. ಕರಾವಳಿಯ ಗೆಳೆಯರು ಓದುತ್ತಿರುತ್ತಾರೆ, ಮೀನು ಕಳಿಸುವುದು ನಿಲ್ಲಿಸಿಬಿಟ್ಟಾರು.

ಹುಡುಕುತ್ತಾ ಹೋದಾಗ ಇನ್ನೊಂದು ಸಿಕ್ಕಿತು. ಅದೇ ಕಾಯ್ದೆಯ ಕೆಳಗೆ 1965ರಲ್ಲಿ ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗೆ ಅಂತ ಒಂದು ನಿಯಮ ಮಾಡಿದ್ದಾರೆ. ಯಾವ ಪ್ರಾಣಿ ಎಷ್ಟು ತೂಕ ಎಳೆಯಬಹುದು ಅಂತ ಅದರಲ್ಲಿ ಪಟ್ಟಿ ಇದೆ. ದಿನಕ್ಕೆ ಒಂಬತ್ತು ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ. ಬಿಡುವಿಲ್ಲದೆ ಐದು ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ. ಮತ್ತೆ, 37 ಡಿಗ್ರಿ ದಾಟಿದ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಕೆಲಸಕ್ಕೆ ಹಚ್ಚುವಂತಿಲ್ಲ. ರಾಯಚೂರಿನಲ್ಲಿ 37 ಅಂದರೆ ಅವತ್ತು ಮೋಡ ಇದೆ ಅಂತ ಅರ್ಥ. ಆ ನಿಯಮದ ಲೆಕ್ಕದಲ್ಲಿ ನಮ್ಮ ಜಿಲ್ಲೆಯ ಎತ್ತುಗಳಿಗೆ ಮಾರ್ಚಿನಿಂದ ಮಳೆ ಬರುವ ತನಕ ಮಧ್ಯಾಹ್ನದ ರಜೆ ಇರಬೇಕಿತ್ತು. ಅರವತ್ತು ವರ್ಷದಿಂದ.

ಆಗ ನಿನ್ನ ಮಾತು ನೆನಪಾಯಿತು. ನೀನು ಕತಾರಿನಲ್ಲಿ ಕೆಲಸಕ್ಕಿದ್ದಾಗ ದೋಹಾದಿಂದ ಒಮ್ಮೆ ಫೋನಿನಲ್ಲಿ ಹೇಳಿದ್ದೆ. ‘ಬ್ಯಾಸಗಿ ದಿನದಾಗ ಹತ್ತರಿಂದ ಮೂರೂವರಿ ತನಕ ಹೊರಗಿನ ಕೆಲಸ ಬಂದ್ ಲೇ ಇಲ್ಲಿ. ನಾವು ಎತ್ತಿಗೂ ಇಷ್ಟು ರೆಸ್ಟ್ ಕೊಟ್ಟಿಲ್ಲ.’ ಇಬ್ಬರೂ ನಕ್ಕಿದ್ದೆವು. ಅದು ಕತಾರಿನವರು 2021ರಲ್ಲಿ ತಂದ ನಿಯಮ, ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ. ಅದರ ಮೇಲೆ ಇನ್ನೊಂದಿತ್ತು: ಬಿಸಿಲು, ಗಾಳಿ, ತೇವ ಎಲ್ಲ ಸೇರಿಸಿ ಅಳೆಯುವ ವೆಟ್ ಬಲ್ಬ್ ಗ್ಲೋಬ್ ಲೆಕ್ಕದಲ್ಲಿ 32.1 ದಾಟಿದರೆ ಯಾವ ಹೊತ್ತಾದರೂ ಕೆಲಸ ನಿಲ್ಲಿಸಬೇಕು. ಫೀಫಾದವರು ಈ ಮೊದಲು ಆಟಗಾರರಿಗೆ ನೀರಿನ ಬ್ರೇಕ್ ಕೊಡುತ್ತಿದ್ದದ್ದೂ ಅದೇ ಅಳತೆಯಲ್ಲಿ 32ಕ್ಕೆ. ನಿನಗೂ ಮೆಸ್ಸಿಗೂ ನಡುವೆ ಬರೀ ಪಾಯಿಂಟ್ ಒಂದು (0.1) ಡಿಗ್ರಿ ವ್ಯತ್ಯಾಸ. ಇಷ್ಟು ಹತ್ತಿರ ನೀನು ಅವನಿಗೆ ಇನ್ಯಾವತ್ತೂ ಹೋಗುವುದಿಲ್ಲ, ಖುಷಿಪಡು.

ನಿಯಮ ಎಲ್ಲರಿಗೂ ಇತ್ತು ಬಸ್ಯಾ. ಎತ್ತಿಗೂ ಇತ್ತು. ನಿಂತು ನೋಡುವವರು ಯಾರು ಅನ್ನುವುದರ ಮೇಲೆ ಅದು ನಡೆಯುತ್ತದೆಯೋ ಇಲ್ಲವೋ ಅನ್ನುವುದು ನಿಂತಿದೆ. ಮೆಸ್ಸಿ ನೀರು ಕುಡಿದನೋ ಇಲ್ಲವೋ ಅಂತ ಜಗತ್ತೇ ನೋಡುತ್ತಿರುತ್ತದೆ. ನಿನ್ನನ್ನು ನೋಡುತ್ತಿದ್ದವರು ಯಾರು?

2022ರಲ್ಲಿ ನಾನು ಕತಾರಿನ ಕೂಲಿಕಾರರ ಬಗ್ಗೆ ಎಷ್ಟೊಂದು ಬರೆದೆ. ನೇಪಾಳದವರು, ಬಾಂಗ್ಲಾದವರು, ನಮ್ಮವರು ಬಿಸಿಲಲ್ಲಿ ಕಟ್ಟಿದ ಮೈದಾನ, ಎಂಟರಲ್ಲಿ ಏಳಕ್ಕೆ ತಣ್ಣನೆ ಗಾಳಿಯ ವ್ಯವಸ್ಥೆ, ಇತ್ಯಾದಿ. ಜನ ಹಂಚಿಕೊಂಡರು. ಒಬ್ಬರು ನಿಮಗೆ ಅಲ್ಲಿ ಯಾರಾದರೂ ಗೊತ್ತಾ ಅಂತ ಕೇಳಿದಾಗ ‘ನನ್ನ ಖಾಸಾ ದೋಸ್ತ ಅಲ್ಲೇ ಎಸಿ ಡಕ್ಟ್ ಕೆಲಸದಲ್ಲಿದ್ದಾನೆ’ ಅಂತ ಹೆಮ್ಮೆಯಿಂದ ಬರೆದೆ. ಆ ತಿಂಗಳು ಪೂರ್ತಿ ನಿನಗೆ ಮಾಡಿದ ಮೆಸೇಜುಗಳನ್ನು ಮೊನ್ನೆ ಮೇಲೆ ಸರಿಸಿ ಸರಿಸಿ ನೋಡಿದೆ. ಮೆಸ್ಸಿ ಬಸ್ಸು ನಿನ್ನ ಕಡೆ ಬಂತಾ? ಜರ್ಸಿ ಎಷ್ಟಕ್ಕೆ ಸಿಗುತ್ತದೆ? ಮೈದಾನದ ಫೋಟೋ ಕಳಿಸು. ಮಿಯಾಂವ್. ಮಿಯಾಂವ್. ಒಂದು ಕಡೆ ನೀನು ‘ಕೈ ನೋಯ್ತದಲೇ, ಆಮ್ಯಾಲೆ ಮಾತಾಡ್ತೀನಿ’ ಅಂತ ಹಾಕಿದ್ದೀಯ. ಅದಕ್ಕೆ ನಾನು ‘ರೆಸ್ಟ್ ತಗೋ’ ಅಂತ ಹಾಕಿ, ಅದರ ಕೆಳಗೇ ಪೋರ್ಚುಗಲ್ ಸೋತ ಗೋಲಿನ ವಿಡಿಯೋ ಕಳಿಸಿದ್ದೇನೆ.

ಫೈನಲ್ಲನ್ನೂ ನೀನು ಕೂಲಿಕಾರರು ಇರುವ ಏಷ್ಯನ್ ಟೌನಿನ ಕ್ರಿಕೆಟ್ ಮೈದಾನದಲ್ಲಿ ಪರದೆ ಹಾಕಿದ್ದರಲ್ಲ, ಅಲ್ಲಿ ನಿಂತು ನೋಡಿದೆ ಅಂತ ಗೊತ್ತಾದದ್ದು ಆಮೇಲೆ. ನಾನು ನನ್ನ ತಲೆಯಲ್ಲಿ ನಿನ್ನನ್ನು ಫೈನಲ್ ನಡೆದ ಲುಸೈಲ್ ಸ್ಟೇಡಿಯಂ ಗೇಟಿನ ಹತ್ತಿರ ನಿಲ್ಲಿಸಿಕೊಂಡಿದ್ದೆ, ನನ್ನ ಪೋಸ್ಟಿಗೆ ಅದು ಚೆನ್ನಾಗಿ ಒಪ್ಪುತ್ತಿತ್ತು. ನೀನು ವಾಪಸ್ ಬಂದ ಮೇಲೆ ಒಂದು ಸಂಜೆ ಮಂಡಾಳು ತಿನ್ನುತ್ತಾ ಕೂತಿದ್ದಾಗ ನಿನ್ನ ಬಲಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ ಅಂತ ನೋಡಿದೆ. ಏನಾಯ್ತಲೇ ಅಂದೆ. ಡಕ್ಟಿನ ತಗಡು ಅಂದೆ ನೀನು. ಅಷ್ಟೇ ಅಂದೆ. ನಾನೂ ಅಷ್ಟಕ್ಕೇ ಬಿಟ್ಟೆ, ಯಾಕೆಂದರೆ ಮುಂದೆ ಕೇಳಿದರೆ ಯಾವಾಗ ಆಯ್ತು ಅಂತಲೂ ಕೇಳಬೇಕಾಗುತ್ತಿತ್ತು.

ನೋಡು, ಎತ್ತಿನ ಬಗ್ಗೆ ಬರೆಯುತ್ತೇನೆ ಅಂತ ಕೂತವನು ಎಲ್ಲಿಗೆ ಬಂದೆ. ಇದನ್ನೆಲ್ಲ ಹೀಗೆ ಬಹಿರಂಗವಾಗಿ ಹಾಕಬಾರದಿತ್ತೇನೋ, ಬೇಡ ಅನ್ನಿಸಿದರೆ ಹೇಳು, ಬೆರಳಿನ ಭಾಗ ಅಳಿಸುತ್ತೇನೆ. ಎತ್ತಿನ ಭಾಗ ಇರಲಿ. ನಿನ್ನನ್ನು ಎತ್ತಿಗೆ ಹೋಲಿಸಿದೆ ಅಂತ ನಿಮ್ಮವ್ವನಿಗೆ ಯಾರಾದರೂ ಓದಿ ಹೇಳಿದರೆ ನನ್ನ ಕಥೆ ಮುಗಿಯಿತು. ಎತ್ತಾಗಿದ್ದರೆ ನಿನಗೆ ಮೊಟ್ಟೆಯಾದರೂ ಸಿಗುತ್ತಿತ್ತು ಅಂತ ನೀನೇ ಸಮಾಧಾನ ಮಾಡಿಬಿಡು.

ಈಗ ಮುಖ್ಯ ವಿಷಯ. ಈ ಸಲ ಅಧಿಕ ಜ್ಯೇಷ್ಠ ಬಂದಿರುವುದರಿಂದ ಕಾರಹುಣ್ಣಿಮೆ ಜೂನ್ ಕೊನೆಗೆ ಹೋಗಿದೆ. ಅಷ್ಟು ಹೊತ್ತಿಗೆ ವಿಶ್ವಕಪ್ಪಿನ ನಾಕೌಟ್ ಶುರುವಾಗಿರುತ್ತದೆ. ರಜೆ ಹಾಕಿ ಬಾ. ಹಗಲು ಮುಂಗಾರು ಹಬ್ಬ, ರಾತ್ರಿ ಪಂದ್ಯ. ಕಲ್ಲು ಎಳೆಯುವುದು ನೋಡಲು ನಾನು ಹೋಗುತ್ತೇನಾ ಅಂತ ಕೇಳಬೇಡ. ಹೋಗುವುದಿಲ್ಲ ಅಂತ ಇಲ್ಲಿ ಬರೆದರೆ ಎಲ್ಲರೂ ಮೆಚ್ಚುತ್ತಾರೆ, ಆದರೆ ಹಲಗೆ ಸದ್ದು ಕೇಳಿದರೆ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ, ಅದು ನಿನಗೆ ಗೊತ್ತು. ಹೋದರೆ ಬೆಳಿಗ್ಗೆ ಎಂಟಕ್ಕೆ ಹೋಗುತ್ತೇನೆ, ಹನ್ನೆರಡಕ್ಕೆ ಎದ್ದು ಬರುತ್ತೇನೆ. ದೊಡ್ಡ ತ್ಯಾಗ ಅಲ್ವಾ. ಚಿಕನ್ ವಿಷಯ ಮುಂದಿನ ಪತ್ರದಲ್ಲಿ ನೋಡೋಣ. ಮಟನ್ ವಿಷಯ ಅದರ ಮುಂದಿನದರಲ್ಲಿ.

ಮತ್ತೆ ಬರುವಾಗ ನಿನ್ನ ಗೇಜು, ಸ್ಪ್ಯಾನರ್ ಎಲ್ಲ ಬ್ಯಾಗಿನಲ್ಲಿ ಹಾಕಿಕೊಂಡು ಬಾ. ನಮ್ಮ ಮನೆ ಎಸಿ ಬರೀ ಸದ್ದು ಮಾಡುತ್ತದೆ, ತಂಪಿಲ್ಲ. ಇಲ್ಲಿಯವನು ಗ್ಯಾಸ್ ಹೋಗಿದೆ ಅಂತ ಮೂರು ಸಾವಿರ ಕೇಳುತ್ತಿದ್ದಾನೆ. ಹೌದು, ಇಷ್ಟೆಲ್ಲ ಬರೆದು ಕೊನೆಗೆ ನಿನಗೇ ಕೆಲಸ ಹಚ್ಚುತ್ತಿದ್ದೇನೆ, ನಾಚಿಕೆ ಇಲ್ಲ. ಕೂಲಿ ಕೊಡುತ್ತೇನೆ, ನಗದು, ಇಲ್ಲದಿದ್ದರೆ ಓದುತ್ತಿರುವವರೆಲ್ಲ ಸಾಕ್ಷಿ. ಎಸಿ ಸರಿಯಾಗದಿದ್ದರೆ ಮಾತ್ರ ಬ್ರೆಜಿಲ್ ಪಂದ್ಯ ನೀನು ಟೆರೇಸಿನ ಮೇಲೆ ಮೊಬೈಲಿನಲ್ಲಿ ನೋಡಬೇಕು, ಅರ್ಜೆಂಟೀನಾದ್ದು ನಾನು ಒಳಗೆ ಫ್ಯಾನಿನ ಕೆಳಗೆ ನೋಡುತ್ತೇನೆ.

ಇಂತಿ ನಿನ್ನ,
ಥ್ರೋ-ಇನ್

ತಾ.ಕ.: ನಮ್ಮವ್ವ ಕೇಳುತ್ತಿದ್ದಾಳೆ, ದೋಹಾದಿಂದ ತರುತ್ತಿದ್ದ ಆ ಖರ್ಜೂರ ಬೆಂಗಳೂರಿನಲ್ಲೂ ಸಿಗುತ್ತದಾ ಅಂತ. ಸಿಗುವುದಿಲ್ಲ ಅಂತ ಹೇಳಬೇಡ, ಆನ್‌ಲೈನಿನಲ್ಲಿ ಇದೆ, ನಾನು ರೇಟು ನೋಡಿದ್ದೇನೆ, ಅದಕ್ಕೇ ನಿನಗೆ ಹೇಳುತ್ತಿರುವುದು.